ಪರೀಕ್ಷೆಗಿಟ್ಟ ಗೆಡ್ಡೆ

ಕುಂಬಾರಕೊಪ್ಪಲಿನ ಕೆಂಚಮ್ಮ ಗಂಡ ಸತ್ತ ಮೇಲೆ ಮಡಕೆ ಹೊತ್ತು ಮಾರಿ ಬದುಕಿದವಳು. ಐವತ್ತೈದರ ಸುಮಾರಿಗೆ ಅವಳ ಹೊಟ್ಟೆಯಲ್ಲಿ ಗೆಡ್ಡೆಯೊಂದು ಬೆಳೆಯಿತು. ಮುಂಡೆಯ ಹೊಟ್ಟೆ ಉಬ್ಬಿದರೆ ಕೊಪ್ಪಲು ಸುಮ್ಮನಿರುತ್ತದೆಯೇ? ನಲ್ಲಿಯ ಹತ್ತಿರ ಓರಗಿತ್ತಿ ದೇವಿರಮ್ಮನೇ ಶುರು ಮಾಡಿದಳು.

"ಎಷ್ಟು ತಿಂಗ್ಳಕ್ಕ? ಅಪ್ಪ ಯಾರು ಅಂತ ಯೋಳ್ಬುಡು, ತೊಟ್ಲು ನಾನೇ ಕೊಡುಸ್ತೀನಿ."

"ನಿನ್ ಗಂಡನ್ನೇ ಕೇಳೋಗೇ," ಎಂದು ಕೆಂಚಮ್ಮ ಕೊಡ ಎತ್ತಿಕೊಂಡಳು.

ಬಾಯಿ ಜೋರಿತ್ತು, ಒಳಗೆ ಕುಗ್ಗಿದ್ದಳು. ಗೆಡ್ಡೆ ಹೋಗಬೇಕು, ಹೋದದ್ದನ್ನು ಕೊಪ್ಪಲು ಕಣ್ಣಾರೆ ನೋಡಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

ಒಂದು ಧರ್ಮಾಸ್ಪತ್ರೆಗೆ ಹೋದಳು. ಅಲ್ಲಿ ಹುಡುಗರಿಗೆ ಡಾಕ್ಟರಿಕೆ ಕಲಿಸುತ್ತಿದ್ದವರು ಲಕ್ಷ್ಮೀಪುರಂನ ಅನಂತಪದ್ಮನಾಭ ಡಾಕ್ಟರು. ಹೊಟ್ಟೆ ಮುಟ್ಟಿದವರೇ ನಿಧಿ ಸಿಕ್ಕಂತೆ ಹಿಗ್ಗಿದರು.

"ಕುಯ್ದು ತೆಗೀಬಹುದು ಕಣಮ್ಮ. ಆದ್ರೆ ಇಂಥ ಒಳ್ಳೇ ಗೆಡ್ಡೆ ಹುಡುಗರಿಗೆ ಸಿಗೋದು ಅಪರೂಪ. ಅವರ ಪರೀಕ್ಷೆ ಮುಗೀಲಿ, ತೆಗೆದುಬಿಡೋಣ."

ಒಳ್ಳೇ ಗೆಡ್ಡೆಯಂತೆ! ಅವರ ಮನೆ ಹೆಂಗಸಿನ ಹೊಟ್ಟೆಯಲ್ಲಿದ್ದಿದ್ದರೆ ಇಷ್ಟು ಒಳ್ಳೇದಾಗುತ್ತಿತ್ತೇ?

ಪರೀಕ್ಷೆಯ ದಿನ ಕೆಂಚಮ್ಮ ಮಂಚದ ಮೇಲೆ ಮಲಗಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಪರಗಂಡಸರ ಮುಂದೆ ಹೊಟ್ಟೆ ಬಿಚ್ಚಬೇಕಾದವಳಿಗೆ ಉಳಿದಿದ್ದ ಮರ್ಯಾದೆ ಅದೊಂದೇ. ಹುಡುಗರು ಸಾಲುಗಟ್ಟಿ ಬಂದು ಒತ್ತಿದರು, ಬೆರಳಲ್ಲಿ ತಟ್ಟಿದರು. ಹೆಸರನ್ನು ಯಾರೂ ಕೇಳಲಿಲ್ಲ. ಪರೀಕ್ಷೆ ಮುಗಿಯಿತು, ಡಾಕ್ಟರು ರಜೆ ಹೋದರು. ಬಂದವರು, "ಇನ್ನೊಂದು ಪರೀಕ್ಷೆ ಆಗಿಹೋಗಲಿ," ಅಂದರು. ಪರೀಕ್ಷೆ ಬಂದಾಗಲೆಲ್ಲ ಹೇಳಿ ಕಳಿಸುತ್ತಿದ್ದರು; ಹೀಗೇ ವರ್ಷಗಳು ಹೋದವು.

"ಮಡಕೆ ಬಡ್ದಂಗೆ ಬಡೀತಾರೆ ಕಣಣ್ಣ," ಎಂದು ಅಣ್ಣ ಕೆಂಪಯ್ಯನಿಗೆ ಹೇಳುತ್ತಿದ್ದಳು. "ನಾವು ಸೀಳು ಮಡಕೆ ಎಸೀತೀವಿ, ಇವ್ರು ಜ್ವಾಪಾನ ಮಾಡ್ತಾರೆ."

ನಲ್ಲಿಯ ಹತ್ತಿರ ದೇವಿರಮ್ಮನ ಮಾತೂ ಬೆಳೆದಿತ್ತು: "ಅರಮನೆಗೆ ಆನೆಮರಿ ಹೆರ್ತೀಯೇನಕ್ಕ?"

ಒಂದು ಬೆಳಿಗ್ಗೆ ನೋವು ತಡೆಯಲಾರದೆ ಕೆಂಚಮ್ಮ ತಾನೇ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಕೈಮುಗಿದಳು.

"ಯಾರಮ್ಮ ನೀನು? ಸಾಲಲ್ಲಿ ನಿಂತ್ಕೋ."

"ನಾನು ಸ್ವಾಮಿ, ಕೆಂಚಿ."

"ಯಾವ ಕೆಂಚಿ?"

ಅವಳು ಅಲ್ಲೇ ಬೆಂಚಿನ ಮೇಲೆ ಮಲಗಿ, ಮುಖದ ಮೇಲೆ ಸೆರಗೆಳೆದು, ಹೊಟ್ಟೆ ತೆರೆದಳು.

ಡಾಕ್ಟರ ಮುಖ ಅರಳಿತು. "ಓಹೋ, ನೀನಾ! ಮೊದಲೇ ಹೇಳಬಾರ್ದಾ! ಸರಿಯಾಗಿ ಬಂದೆ, ಸೋಮವಾರ ಪರೀಕ್ಷೆ."

ವಾರ್ಡಿಗೆ ಸೇರಿಸಿಕೊಂಡರು. ಸೋಮವಾರ ಹೊರಗಿನಿಂದ ಬಂದ ಪರೀಕ್ಷಕರು ಮಂಚದ ಬಳಿ ನಿಂತಾಗ ಕೆಂಚಮ್ಮ ಮುಖ ತೆರೆದು, ಸೆರಗನ್ನು ಹೊಟ್ಟೆಗೆ ಬಿಗಿದು ಮಲಗಿದ್ದಳು.

"ಸೆರಗು ತೆಗೀಮ್ಮ."

"ಹೊಟ್ಟೆ ಆಮ್ಯಾಕೆ ಸ್ವಾಮಿ. ಈ ಮೊಕ ಯಾರ್ದು, ಮೊದ್ಲು ಅದ ಯೋಳಿ."

ಹುಡುಗರು ಅನಂತಪದ್ಮನಾಭರ ಕಡೆ ನೋಡಿದರು. ಅವರ ತುಟಿ ಅಲ್ಲಾಡಿತು, ಹೆಸರು ಬರಲಿಲ್ಲ. ಪರೀಕ್ಷಕರು ಗಡಿಯಾರ ನೋಡಿಕೊಂಡು, "ಬೇರೆ ಕೇಸ್ ಹಾಕಿ," ಅಂದರು. ಪಕ್ಕದ ಮಂಚದ ಹೆಂಗಸು ಯಾರೂ ಹೇಳದೆಯೇ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ಹೇಳಿದ ಮಾತು ಕೇಳದವಳೆಂದು ಕೆಂಚಮ್ಮನನ್ನು ಅಂದು ಸಂಜೆಯೇ ಮನೆಗೆ ಕಳಿಸಿದರು. ಅವಳು ಮತ್ತೆ ಹೋಗಲಿಲ್ಲ, ಇವರು ಕರೆಯಲಿಲ್ಲ. ಮರುವರ್ಷ ಗೆಡ್ಡೆ ಹೊತ್ತೇ ಸತ್ತಳು.

ಹೆಣ ತೊಳೆಯುವಾಗ ದೇವಿರಮ್ಮ ಹೊಟ್ಟೆಯನ್ನು ಒತ್ತಿ ಒತ್ತಿ ನೋಡಿದಳಂತೆ. "ಗೆಡ್ಡೆನೇ ಕಣ್ರವ್ವಾ, ಸುಳ್ಳಲ್ಲ!"

ನೀರು ತಂದುಕೊಡುತ್ತಿದ್ದ ಕೆಂಪಯ್ಯ ಬಾಗಿಲ ಆಚೆಯಿಂದಲೇ ದೇವಿರಮ್ಮನಿಗೆ ಅಂದ: "ನೀನೂ ಪಾಸಾದೆ ಬುಡು, ತಾಯಿ."