ಅಕ್ಕಲಕೋಟೆಗೆ ಒಯ್ದ ತಾಮ್ರ ಭಸ್ಮ

ವಿಜಾಪುರದಿಂದ ಸೋಲಾಪುರಕ್ಕೆ ಮೀಟರ್ ಗೇಜ್ ರೈಲು ನಸುಕಿನಲ್ಲೇ ಹೊರಟಿತು. ನೂರು ಚಿಲ್ಲರೆ ಕಿಲೋಮೀಟರಿಗೆ ನಾಲ್ಕು ತಾಸು ತೆಗೆದುಕೊಂಡಿತು. ಶಿವರಾತ್ರಿ ಆಗಿ ವಾರವಷ್ಟೇ ಕಳೆದಿದ್ದರೂ ಭೀಮೆಯ ಸೇತುವೆ ದಾಟುವಾಗ ಕಿಟಕಿಯ ಸರಳು ಬಿಸಿಯಾಗಿತ್ತು. ನನ್ನ ಚೀಲದಲ್ಲಿ ಅಕ್ಕಲಕೋಟೆಯಲ್ಲಿದ್ದ ನನ್ನ ಅಕ್ಕ ಶಾಂತಕ್ಕನಿಗೆಂದು ಒಂದು ಸೀರೆ, ಒಂದು ಕಿಲೋ ಒಣದ್ರಾಕ್ಷಿ, ಒಂದು ಪೊಟ್ಟಣ ತಾಮ್ರ ಭಸ್ಮ ಇದ್ದವು. ಅಕ್ಕನ ಹೊಟ್ಟೆನೋವಿಗೆಂದು ಸಂತೆಯ ಔಷಧದವನ ಹತ್ತಿರ ನಾನೇ ಕೊಂಡದ್ದು. ಮೊದಲ ಪೊಟ್ಟಣ ತಿಂಗಳ ಹಿಂದೆಯೇ ಕೊಟ್ಟು ಬಂದಿದ್ದೆ. ಕಚೇರಿಯ ಗುಮಾಸ್ತನಾದ ನಾನು ಆ ತಿಂಗಳೆಲ್ಲ ಅರ್ಧ ವೈದ್ಯನಾದಂತೆ ಬೀಗಿದ್ದೆ.

ಸೋಲಾಪುರದಲ್ಲಿ ಬಾಲ್ಯದ ಗೆಳೆಯ ವಿಶ್ವನಾಥನ ಮನೆಯಲ್ಲಿ ಊಟ. ಅವನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಉಣ್ಣುತ್ತ ಹೆಮ್ಮೆಯಿಂದ ಪೊಟ್ಟಣ ತೋರಿಸಿದೆ.

"ಭಸ್ಮ ಪಕ್ಕಾ ಆಗಿದ್ರ ನೀರ ಮ್ಯಾಲ ತೇಲಬೇಕು, ಬೆರಳಿನ ಗೆರಿಯೊಳಗ ಕೂಡಬೇಕು, ಹೊಳಪ ಇರಬಾರದು," ಎಂದ ವಿಶ್ವನಾಥ, ಒಂದು ಚಿಟಿಕೆ ಲೋಟದ ನೀರಿಗೆ ಹಾಕಿದ. ಮುಳುಗಿತು. ಸ್ವಲ್ಪ ಪುಡಿಯನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದ. ಬೂದು ಪುಡಿಯಲ್ಲಿ ಸಣ್ಣ ಸಣ್ಣ ಕಣಗಳು ಮಿನುಗಿದವು. ಇನ್ನೊಂದು ಚಿಟಿಕೆಯನ್ನು ಮೊಸರಿನ ಬಟ್ಟಲಿಗೆ ಹಾಕಿ ಬದಿಗಿಟ್ಟ.

"ಭಸ್ಮದ ಗುಟ್ಟು ಸಣ್ಣತನದಾಗ ಅದ. ಹಳದಿ ಬಂಗಾರನ್ನ ಭಾಳ ಸಣ್ಣ ಮಾಡಿ ನೀರಾಗ ಬಿಟ್ರ ಕೆಂಪ ಕಾಣ್ತದ. ಅಷ್ಟ ಸಣ್ಣ ಆದಮ್ಯಾಲ ವಸ್ತುವಿನ ಗುಣಾನ ಬ್ಯಾರೆ. ಕೂದಲಿನ ದಪ್ಪದಾಗ ಸಾವಿರ ಪಾಲು ಮಾಡಿದ್ರ ಒಂದು ಪಾಲಿನಷ್ಟು. ಈಗೀಗ ನ್ಯಾನೊ ಕಣ ಅನ್ನಾಕತ್ಯಾರ."

"ಹಂಗಾರ ಛಲೋನ ಆತಲ್ಲೋ?"

"ಔಷಧ ಮುಟ್ಟಲಾರದ ಜಾಗಾಕ್ಕ ಮುಟ್ಟತಾವ, ಅದು ಉಪಯೋಗ. ಹೋಗಬಾರದ ಕಡೆನೂ ಹೊಕ್ಕೋತಾವ, ಅದು ಅಪಾಯ. ಅಲ್ಲಿ ಹೋಗಿ ಏನ ಮಾಡ್ತಾವ ಅಂತ ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ. ನಿನ್ನ ಪುಡಿ ಅಷ್ಟು ಸಣ್ಣೂ ಆಗಿಲ್ಲ, ಪೂರ್ತಿ ಸುಟ್ಟೂ ಇಲ್ಲ."

ಎರಡು ತಾಸಿಗೆ ಮೊಸರಿನ ಮೇಲೆ ಹಸಿರು ಕಲೆ ಎದ್ದಿತು. ವಿಶ್ವನಾಥ ಬಟ್ಟಲನ್ನು ನನ್ನ ಮುಂದೆ ಸರಿಸಿದ.

"ಹಸೀ ತಾಮ್ರ ಇದು. ಅಕ್ಕಾ ತಿಂಗಳಿಡೀ ತಿಂದಾರೇನೋ? ಏಳು, ಬಸ್ ಹಿಡಿ. ನಾಳಿ ಇಲ್ಲೇ ಡಾಕ್ಟರ್ ಕಡೆ ಕರಕೊಂಡ ಬಾ."

ಅಕ್ಕಲಕೋಟೆ ಅಲ್ಲಿಂದ ನಲವತ್ತು ಕಿಲೋಮೀಟರ್. ಎಸ್‌ಟಿ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕರೂ ಹೊರಗೆ ಏನಿತ್ತೋ ನಾನು ನೋಡಲಿಲ್ಲ. ವಳಸಂಗದಲ್ಲಿ ಕಂಡಕ್ಟರ್ "ಉತರಾ, ಉತರಾ!" ಎಂದು ಕೂಗಿ ಅರ್ಧ ಬಸ್ಸು ಇಳಿಸಿದ. ಪಕ್ಕದ ಮುದುಕ, "ಸ್ವಾಮಿ ದರ್ಶನಕ್ಕೇನ್ರಿ?" ಎಂದ. ಹೂಂ ಎಂದುಬಿಟ್ಟೆ. ಅಕ್ಕನಿಗೆ ಏನಾದರೂ ಆದರೆ ನಾನು ಯಾರಿಗೆ ಮುಖ ತೋರಿಸಲಿ? ತಾಯಿ ಹೋದಮೇಲೆ ನನ್ನನ್ನು ಸಾಕಿದವಳು ಅವಳೇ.

ಸಂಜೆ ಐದಕ್ಕೆ ಬಾಗಿಲು ತಟ್ಟಿದೆ. ಅಕ್ಕ ಕೈ ಒರೆಸುತ್ತ ಅಂಗಳಕ್ಕೆ ಬಂದಳು.

"ಬಾರೋ ತಮ್ಮಾ! ನಿನ್ನ ಔಷಧಿಗೆ ಹೊಟ್ಟಿ ಹಗೂರ ಆಗೇದ ನೋಡು."

ನಾನು ಅವಳ ಮಾತು ಕೇಳಲಿಲ್ಲ. ಇಳಿಬಿಸಿಲು ಅವಳ ಮುಖಕ್ಕೆ ಬಿದ್ದಿತ್ತು, ಹಣೆಯ ಬೂದಿ ಸಣ್ಣಗೆ ಮಿನುಗುತ್ತಿತ್ತು. ಮಧ್ಯಾಹ್ನ ಗೆಳೆಯನ ಅಂಗೈಯಲ್ಲಿ ಕಂಡ ಅದೇ ಹೊಳಪು!

"ಅಕ್ಕಾ, ಹಣಿಗೆ ಏನ ಹಚ್ಚೀದಿ?"

"ಮಠದ ಅಂಗಾರಾ, ಸ್ವಾಮಿ ಬೂದಿ. ದಿನಾ ಹಚ್ಚತೀನಲ್ಲ."

"ಔಷಧಿ ತಾ. ಅಂಗಾರಾನೂ ತಾ."

ಅಕ್ಕನಿಗೊಂದು ರೂಢಿ: ಯಾವ ಔಷಧವನ್ನೂ ಮೊದಲು ದೇವರ ಮುಂದಿಡದೆ ಬಾಯಿಗೆ ಹಾಕಳು. ನಾನು ಕೊಟ್ಟ ಪೊಟ್ಟಣವನ್ನೂ ಹಾಗೆ ದೇವರ ಜಗಲಿಯ ಮೇಲಿಟ್ಟಿದ್ದಳು, ಮಠದ ಅಂಗಾರದ ಪೊಟ್ಟಣದ ಪಕ್ಕದಲ್ಲೇ. ಎರಡೂ ಹಳೇ ಪೇಪರಿನ ಮಡಿಕೆಗಳು, ಎರಡರಲ್ಲೂ ಬೂದು ಪುಡಿ. ತೆಗೆದುಕೊಳ್ಳುವಾಗ ಅದಲುಬದಲಾಗಿದ್ದವು. ಎರಡು ಬಟ್ಟಲು ಮೊಸರು ತರಿಸಿ ಚಿಟಿಕೆ ಚಿಟಿಕೆ ಹಾಕಿ ಕುಳಿತೆ. ದೀಪ ಹಚ್ಚುವ ಹೊತ್ತಿಗೆ ಅಂಗಾರವೆಂದು ಹಚ್ಚಿಕೊಂಡದ್ದು ಹಸಿರಾಯಿತು. ಔಷಧವೆಂದು ಜೇನಿನಲ್ಲಿ ಕಲಸಿ ನೆಕ್ಕಿದ್ದು ಬೂದಿಯಾಗಿಯೇ ಉಳಿಯಿತು.

ನನಗೆ ನಗು, ಅಳು ಒಟ್ಟಿಗೇ ಬಂದವು. ಅಕ್ಕ ಗಾಬರಿಯಾದಳು. ವಿಷಯ ಹೇಳಿದಾಗ ಗಲ್ಲಕ್ಕೆ ಕೈಯಿಟ್ಟು, "ಅಯ್ಯ, ತಿಂಗಳಿಂದ ದೇವರ ಬೂದಿ ನುಂಗಾಕತ್ತೀನೇನೋ!" ಎಂದಳು. ಆ ರಾತ್ರಿ ಎರಡು ರೊಟ್ಟಿ ಹೆಚ್ಚು ಉಂಡೆ.

ಮರುದಿನ ಅವಳನ್ನು ಸೋಲಾಪುರದ ಡಾಕ್ಟರಿಗೆ ತೋರಿಸಿದೆ. ಚಿಂತೆಯಿಲ್ಲ ಎಂದು ಹೇಳಿ ಹೊಟ್ಟೆನೋವಿಗೆ ಮಾತ್ರೆ ಬರೆದುಕೊಟ್ಟರು. ಭಸ್ಮದ ಎರಡೂ ಪೊಟ್ಟಣಗಳನ್ನು ವಿಶ್ವನಾಥನಿಗೆ ಒಪ್ಪಿಸಿದೆ. ಅಕ್ಕನನ್ನು ಅಕ್ಕಲಕೋಟೆಯ ಬಸ್ಸಿಗೆ ಹತ್ತಿಸಿದಾಗ ಮಾತ್ರೆಯ ಚೀಟಿಯನ್ನು ಎದೆಗೊತ್ತಿಕೊಂಡು, "ಇದನ್ನೂ ಮೊದಲು ದೇವರ ಮುಂದನ ಇಡತೀನಿ," ಎಂದಳು.

"ಇಡು. ಅಂಗಾರಾ ಮಾತ್ರ ಬ್ಯಾರೆ ಕಡೆ ಇಡು," ಎಂದೆ.

ಬಸ್ಸು ತಿರುಗಿತು. ಕಿಟಕಿಯಿಂದ ಅಕ್ಕ ಕೈಬೀಸಿದಳು. ಉರಿಬಿಸಿಲು ನೇರ ಅವಳ ಮುಖದ ಮೇಲಿತ್ತು. ಹಣೆಯ ಬೂದಿ ಮಿನುಗಲಿಲ್ಲ.