ಒಂದೇ ಕಾಡಿಗೆ ಕಡ್ಡಿ

ಎಣ್ಣೆ ಬೆಲೆ ಕುಸಿದು ಸರ್ಕಾರದ ಕೈ ಬಿಗಿಯಾದ ಮೇಲೆ, ಅರಬ್ ನಾಡಿನ ಇಬ್ರಿ ಪಟ್ಟಣದಾಚೆಯ ಈ ಹಳ್ಳಿಗೆ ಕಣ್ಣಿನ ಮುಲಾಮು ಸರಿಯಾಗಿ ಬರುತ್ತಿಲ್ಲ. ಉಡುಪಿಯ ನರ್ಸ್ ಶಕುಂತಲಾ ಜೊತೆ ಒಂದು ಮನೆಗೆ ಹೋದೆ. ಟ್ರಕೋಮಾ ಸೋಂಕಿನಿಂದ ಕುರುಡಾದ ಅಜ್ಜಿ ಬೆರಳಲ್ಲೇ ರೆಪ್ಪೆ ಹುಡುಕಿ, ಮೊಮ್ಮಕ್ಕಳಿಗೆಲ್ಲ ಒಂದೇ ಕಡ್ಡಿಯಿಂದ ಕಾಡಿಗೆ ಹಚ್ಚುತ್ತಿದ್ದರು. ಒಂದು ಗೆರೆಯೂ ತಪ್ಪಲಿಲ್ಲ. ಇಬ್ಬರು ಮಕ್ಕಳ ಕಣ್ಣು ಆಗಲೇ ಕೆಂಪಾಗಿ ಕೀವು ಕಟ್ಟಿತ್ತು.

“ಖಲಾಸ್, ಉಮ್ಮಿ,” ಸಾಕಮ್ಮಾ, ಎಂದು ಶಕುಂತಲಾ ಅಜ್ಜಿಯ ಕೈಯಿಂದ ಕಡ್ಡಿ ತೆಗೆದುಕೊಂಡರು. ರೋಗ ಅದರಿಂದಲೇ ಕಣ್ಣಿಂದ ಕಣ್ಣಿಗೆ ಹೋಗುತ್ತದೆಂದು ಅರಬಿಯಲ್ಲಿ ವಿವರಿಸಿದರು. ಅಜ್ಜಿ ಏನೋ ಕೇಳಿದರು.

“‘ನನ್ನ ಕೈಯಲ್ಲಿ ವಿಷ ಉಂಟಾ?’ ಅಂತ ಕೇಳ್ತಿದ್ದಾರೆ ಮಾರಾಯ್ರೆ,” ಎಂದು ಶಕುಂತಲಾ ನನ್ನತ್ತ ತಿರುಗಿದರು. “ಈ ಮನೆಯಲ್ಲಿ ಅವರಿಗೆ ಉಳಿದದ್ದು ಇದೊಂದೇ ಕೆಲಸ. ಎಂತ ಹೇಳೂದು?”

ಅಷ್ಟರಲ್ಲಿ ಕಿರಿಯ ಮೊಮ್ಮಗಳು ಬಂದು ಅಜ್ಜಿಯ ಮೊಣಕಾಲು ಹಿಡಿದು, ಕಾಡಿಗೆಗೆಂದು ಮುಖವೆತ್ತಿ ನಿಂತಳು. ಅಜ್ಜಿ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡರು.