ಹೊಗಳದ ಸ್ಪೀಕರ್

"ಕುರಿ ಕಾಯೋರ ಮನ್ಯಾಗೆ ಡಿಗ್ರಿ ಆಗೋ ಮಾತಲ್ಲ" ಅಂದಿದ್ದವರು ನನ್ನ ದೊಡ್ಡಪ್ಪ. ಕೊನೆಯ ವರ್ಷದ ಧ್ವನಿಮುದ್ರಣ ಪರೀಕ್ಷೆಗೆಂದು ನಾನು ಮನೆಯಲ್ಲೇ ರೆಕಾರ್ಡ್ ಮಾಡಿದ ಅವ್ವನ ಹಾಡುಗಳು, ದನಿ ಸರಿಯಿಲ್ಲವೆಂದು ಕಾಲೇಜಿನಿಂದ ವಾಪಸು ಬಂದಾಗ, ಆ ಮಾತು ನಿಜವಾಗುವ ಹಾಗಿತ್ತು.

ಒಳ್ಳೆಯ ಸ್ಪೀಕರ್ ಬೇಕೆಂದು ಚಳ್ಳಕೆರೆಯ ಮೈಕ್‌ಸೆಟ್ ಅಂಗಡಿಯವರ ಬಳಿ ಹೋದೆ. ಅವರು ಕನ್ನಡಕ ತೆಗೆದು ಜೇಬಿಗಿಟ್ಟು, ಕಣ್ಣು ಮುಚ್ಚಿಕೊಂಡೇ ಏನನ್ನಾದರೂ ಆಲಿಸುತ್ತಿದ್ದರು. "ಹೊಗಳೋ ಸ್ಪೀಕರ್ ಮದುವೆಗೆ. ಕೆಲಸಕ್ಕೆ ತಪ್ಪು ತೋರ್ಸೋದು ಬೇಕು" ಎಂದು ಎಲ್ಲರಿಗೂ ಹೇಳುವರು.

ನಾನು ಮೆಚ್ಚಿದ ದೊಡ್ಡ ಜೋಡಿಯಲ್ಲಿ ಅವ್ವನ ದನಿ ತುಂಬಿ ಬಂತು. ಅದೇ ಹಾಡನ್ನು ಅವರು ದನಿಯನ್ನು ಇದ್ದ ಹಾಗೇ ಕೇಳಿಸುವ ಸಣ್ಣ ಸ್ಪೀಕರ್‌ಗಳಲ್ಲಿ, ಸ್ಟುಡಿಯೊ ಮಾನಿಟರ್‌ಗಳಲ್ಲಿ, ಹಾಕಿದರು. ದನಿ ತಗಡಿನಂತೆ ತೆಳ್ಳಗಾಯಿತು.

"ಇದು ಚೆನ್ನಾಗಿಲ್ಲ ಬಿಡ್ರಿ" ಅಂದೆ.

"ಸ್ಪೀಕರ್ ಅಲ್ಲಪ್ಪ, ನಿನ್ನ ಮಿಕ್ಸಿಂಗ್. ನಿಮ್ಮನೆ ಡಬ್ಬ ಸ್ಪೀಕರ್ ಬೇಸ್, ಅದೇ ತಗ್ಗು ದನಿ, ಜಾಸ್ತಿ ಕೊಡ್ತೈತೆ. ನೀನು ಬೇಸ್ ಇಳಿಸ್ತಾ ಹೋಗಿ ನಿಮ್ಮವ್ವನ ಗಂಟಲೇ ಹಿಸುಕಿದೀಯ."

ಸಣ್ಣವನ್ನೇ ಒಯ್ದು ಹಾಡುಗಳನ್ನು ತಿದ್ದಿ ಕಳಿಸಿದೆ. ಈ ಸಲ ಕಾಲೇಜಿನವರು ಒಪ್ಪಿದರು. ಆ ದಿನ ಹೊಟ್ಟೆ ತುಂಬ ಉಂಡೆ.

ಪದವಿ ಪತ್ರ ಬಂದಾಗ ದೊಡ್ಡಪ್ಪನನ್ನೂ ಕರೆದುಕೊಂಡು ಹೋಗಿ ಪತ್ರವನ್ನು ಅಂಗಡಿಯವರ ಕೈಗಿತ್ತೆ. ಅವರು ಅದನ್ನು ನನಗೇ ಮರಳಿಸಿ, ಕನ್ನಡಕ ಜೇಬಿಗಿಟ್ಟು ಕಣ್ಣು ಮುಚ್ಚಿದರು. "ಓದಪ್ಪ, ಕೇಳೋಣ."

ಓದಿದೆ. ಪಕ್ಕದಲ್ಲಿದ್ದ ದೊಡ್ಡಪ್ಪ ಅಂದರು: "ಇನ್ನೊಂದ್ಸಲ ಓದು ಲೇ, ಬೀದಿ ಕಡೆ ತಿರುಗಿ."